ಹುಡುಗನ ಕಣ್ಣೂ ಹತ್ತು ಮಿಲಿಗ್ರಾಮಿನ ಗುಳಿಗೆಯೂ

2024ರ ಆಷಾಢದ ಒಂದು ಸಂಜೆ. ಹೊರಗೆ ಪುಣೆಯ ಮಳೆ ಹಿಡಿದುಕೊಂಡಿತ್ತು. ಊಟಕ್ಕೆ ಕುಳಿತಿದ್ದೆವು. ತಟ್ಟೆಗೆ ರೊಟ್ಟಿ ಹಾಕುತ್ತಿದ್ದ ನನ್ನ ಹೆಂಡತಿ ಕೈ ಹಾಗೆಯೇ ತಡೆದು, "ಗುಂಡ್ಯಾನ ಕಣ್ಣ ನೋಡ್ರಿ" ಎಂದಳು. ನೋಡಿದೆ. ಎಂಟು ವರ್ಷದ ನನ್ನ ಮಗ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿ ಮುಚ್ಚಿ ತೆರೆಯುತ್ತಿದ್ದನು. ಒಂದು ಸಲ, ಎರಡು ಸಲ, ಸ್ವಲ್ಪ ತಡೆದು ಮತ್ತೆ ನಾಲ್ಕು ಸಲ. ನಡುನಡುವೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ 'ಹ್ಞುಂ' ಎಂಬ ಸಣ್ಣ ಸದ್ದು. "ಯಾಕೋ, ಕಣ್ಣಾಗ ಏನರೆ ಬಿತ್ತೇನು?" ಎಂದು ಕೇಳಿದೆ. "ಏನೂ ಇಲ್ಲಪಾ" ಎಂದು ರೊಟ್ಟಿ ಮುರಿದನು. ತಾನು ಹಾಗೆ ಮಾಡುತ್ತಿದ್ದುದೇ ಅವನಿಗೆ ತಿಳಿದಂತಿರಲಿಲ್ಲ.

ನಮ್ಮಿಬ್ಬರ ದೃಷ್ಟಿಯೂ ಕಪಾಟಿನ ಮೇಲಿದ್ದ ಗುಳಿಗೆಗಳ ಡಬ್ಬಿಯ ಕಡೆಗೆ ಹೋಯಿತು. ಆ ಗುಳಿಗೆ ಕೊಡಲಾರಂಭಿಸಿ ಅಂದಿಗೆ ಆರು ವಾರ.

ಈ ಲೇಖನ ಬರೆಯುತ್ತಿರುವವನು ವೈದ್ಯನಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಹೊಟ್ಟೆಪಾಡಿಗಾಗಿ ಪುಣೆಗೆ ಬಂದು, ಸರಕಾರಿ ಕಚೇರಿಯೊಂದರಲ್ಲಿ ಕಾರಕೂನನಾಗಿರುವವನು. ಇಂಥ ಗುಳಿಗೆ ತೆಗೆದುಕೊಳ್ಳುವ ಮಕ್ಕಳು ನಮ್ಮ ಸಂಘದ ಬೇರೆ ಮನೆಗಳಲ್ಲಿಯೂ ಇದ್ದಾರೆಂಬುದು ನನಗೆ ಈಚೆಗೆ ತಿಳಿಯಿತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ. ಹೇಳದೆ, ಕೇಳದೆ ಇದ್ದುದರಿಂದ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಇನ್ನೊಬ್ಬರು ಅದನ್ನು ಮಾಡದಿರಲೆಂದು ಈ ನಾಲ್ಕು ಮಾತು.

ಗುಳಿಗೆ ಮನೆಗೆ ಬಂದ ಬಗೆ

ಗುಂಡ್ಯಾ ಮೊದಲಿನಿಂದಲೂ ಚುರುಕು. ಆದರೆ ಎರಡನೆಯ ಇಯತ್ತೆಗೆ ಬರುವ ಹೊತ್ತಿಗೆ ಶಾಲೆಯಿಂದ ದೂರುಗಳು ಬರತೊಡಗಿದವು. ಜಾಗದಲ್ಲಿ ಕೂಡುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆ, ಅರ್ಧ ಲೆಕ್ಕ ಮಾಡಿ ಕಿಟಕಿ ನೋಡುತ್ತಾನೆ, ವಾರಕ್ಕೊಂದು ಪೆನ್ಸಿಲ್ ಪೆಟ್ಟಿಗೆ ಕಳೆಯುತ್ತಾನೆ. "ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಮಗುವಿನ ತಲೆಯಲ್ಲಿ ಗೊಂದಲವಾಗಿದೆ. ಮನೆಯ ಭಾಷೆಯನ್ನಾದರೂ ಬಿಡಿ" ಎಂದು ಒಬ್ಬರು ಬುದ್ಧಿ ಹೇಳಿದರು. ಈ ಮಾತನ್ನು ಕೇಳಿದ ಪುಣೆಯ ಕನ್ನಡಿಗನು ನಾನೊಬ್ಬನೇ ಇರಲಾರೆ. ಮುಂದೆ ಮಕ್ಕಳ ಮನೋವೈದ್ಯರು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರು: ಎರಡು ಮೂರು ಭಾಷೆ ಕಲಿಯುವುದರಿಂದ ಈ ತೊಂದರೆ ಬರುವುದಿಲ್ಲ, ಒಂದು ಬಿಟ್ಟರೆ ಹೋಗುವುದೂ ಇಲ್ಲ.

ತೊಂದರೆಗೆ ಎ.ಡಿ.ಎಚ್.ಡಿ. ಎಂದು ಹೆಸರು, ಗಮನ ನಿಲ್ಲದಿರುವಿಕೆ ಮತ್ತು ಅತಿಯಾದ ಚಟುವಟಿಕೆ ಎಂದು ಅರ್ಥ. ಒಂದೇ ಭೇಟಿಯಲ್ಲಿ ಇದನ್ನು ನಿರ್ಧರಿಸುವುದಿಲ್ಲ. ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಮನೆಯಲ್ಲಿಯೂ ಶಾಲೆಯಲ್ಲಿಯೂ ಕಂಡುಬರಬೇಕು. ನಾವೂ ಶಿಕ್ಷಕರೂ ಪ್ರತ್ಯೇಕ ಪ್ರಶ್ನಾವಳಿಗಳನ್ನು ತುಂಬಿಕೊಟ್ಟೆವು. ಹುಡುಗನೊಡನೆ ಹೇಗೆ ನಡೆದುಕೊಳ್ಳಬೇಕೆಂದು ವೈದ್ಯರು ಮೊದಲು ನಮಗೇ ಪಾಠ ಹೇಳಿದರು. ಅಷ್ಟರಿಂದ ಸಾಲದಾದಾಗ, 2024ರ ಜೂನದಲ್ಲಿ ಶಾಲೆ ತೆರೆದ ಮೇಲೆ, ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧವನ್ನು ಬರೆದುಕೊಟ್ಟರು: ಮುಂಜಾನೆ ತಿಂಡಿಯಾದ ಮೇಲೆ ಹತ್ತು ಮಿಲಿಗ್ರಾಮಿನ ಒಂದು ಗುಳಿಗೆ.

ಈ ಔಷಧ ನಮ್ಮ ದೇಶದ ಮಾದಕ ದ್ರವ್ಯ ಮತ್ತು ಮನಃಪ್ರಭಾವಿ ವಸ್ತುಗಳ 1985ರ ಕಾಯದೆಯ ಪಟ್ಟಿಯಲ್ಲಿ ಸೇರಿದೆ. ಆದುದರಿಂದ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಕೊಡುವಂತೆಯೂ ಇಲ್ಲ. ನಾನು ಸದಾಶಿವ ಪೇಠೆಯಿಂದ ಲಕ್ಷ್ಮೀ ರಸ್ತೆಯವರೆಗೆ ನಾಲ್ಕು ಅಂಗಡಿ ಹತ್ತಿಳಿದು ತಂದೆ. ಆದರೆ ಗುಣ ಕಂಡಿತು. ಎರಡನೆಯ ವಾರಕ್ಕೆ ಹುಡುಗನು ಉಕ್ತಲೇಖನವನ್ನು ಪೂರ್ತಿ ಬರೆದು ತಂದನು. ಮಧ್ಯಾಹ್ನದ ಊಟ ಸ್ವಲ್ಪ ಕಡಿಮೆಯಾಯಿತು. ಅದನ್ನು ವೈದ್ಯರು ಮೊದಲೇ ಹೇಳಿದ್ದರು. ಆದರೆ ಕಣ್ಣಿನ ಮಾತನ್ನು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ನಾವು ಕೇಳಿಸಿಕೊಂಡಿರಲಿಲ್ಲ.

ನಾನು ಮಾಡಿದ ತಪ್ಪು

ಆ ರಾತ್ರಿ ಗುಳಿಗೆಯ ಡಬ್ಬಿಯೊಳಗಿನ ಕಾಗದವನ್ನು ಬಿಡಿಸಿದೆ. ಎಂಟು ಮಡಿಕೆಯ ಕಾಗದ, ಇರುವೆಯಂಥ ಅಕ್ಷರ. ದುಷ್ಪರಿಣಾಮಗಳ ಸಾಲಿನಲ್ಲಿ 'ಟಿಕ್' ಎಂಬ ಶಬ್ದ ಸಿಕ್ಕಿತು. ಮರುದಿನ ಕಚೇರಿಯಲ್ಲಿ ಒಬ್ಬ ಮಿತ್ರರು, "ಅದು ನಶೆಯ ಪದಾರ್ಥ, ಕೂಸಿಗೆ ಕೊಡ್ತಾರೇನ್ರಿ?" ಎಂದರು. ಹುಬ್ಬಳ್ಳಿಯಿಂದ ನಾದಿನಿ ಫೋನಿನಲ್ಲಿ ಅತ್ತಳು. ನನಗೆ ಅಷ್ಟೇ ಸಾಕಾಯಿತು. ವೈದ್ಯರನ್ನು ಒಂದು ಮಾತು ಕೇಳದೆ ಗುಳಿಗೆ ನಿಲ್ಲಿಸಿಬಿಟ್ಟೆ.

ಅಷ್ಟಕ್ಕೇ ಬಿಡಲಿಲ್ಲ. ನನ್ನದೇ ಒಂದು ಚಿಕಿತ್ಸೆ ಆರಂಭಿಸಿದೆ. "ಕಣ್ಣ ಮಿಟಿಕಿಸಬ್ಯಾಡ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದೇ ಆ ಚಿಕಿತ್ಸೆ. ಹೇಳಿದಾಗ ಹುಡುಗನು ಉಸಿರು ಬಿಗಿಹಿಡಿದು ಒಂದು ನಿಮಿಷ ತಡೆಯುವನು. ಬಳಿಕ ಕಟ್ಟೆಯೊಡೆದಂತೆ ಹತ್ತು ಸಲ ಮಿಟುಕಿಸುವನು. ನಾಗಪಂಚಮಿಗೆ ಧಾರವಾಡದಿಂದ ಬಂದ ನನ್ನ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಕಣ್ಣು ನಿಲ್ಲಲಿಲ್ಲ. ಶಾಲೆಯ ದೂರು ಮಾತ್ರ ಮೊದಲಿನಂತೆ ಬರತೊಡಗಿತು.

ಮೂರನೆಯ ವಾರದಲ್ಲಿ ಒಂದು ದಿನ ಶಾಲೆ ಬಿಟ್ಟ ಮೇಲೆ ಅವನನ್ನು ಕರೆದುಕೊಂಡು ಸ್ವಾರಗೇಟಿನ ಹತ್ತಿರ ರಸ್ತೆ ದಾಟುತ್ತಿದ್ದೆ. ಎದುರಿಗೆ ಏನು ಕಂಡನೋ, ನನ್ನ ಕೈ ಕಿತ್ತುಕೊಂಡು ಓಡಿದನು. ರಿಕ್ಷಾದವನು ಬ್ರೇಕು ಹಾಕಿದಾಗ ಹುಡುಗನಿಗೂ ಚಕ್ರಕ್ಕೂ ಒಂದು ಮೊಳದ ಅಂತರವಿತ್ತು. ರಿಕ್ಷಾದವನು ಬೈದುದು ನನಗೆ ಕೇಳಿಸಲಿಲ್ಲ, ಕೈಕಾಲು ನಡುಗುತ್ತಿದ್ದವು. ಆ ರಾತ್ರಿ ನನ್ನ ಹೆಂಡತಿ ಹೇಳಿದಳು: "ಕಣ್ಣ ಮಿಟಿಕಿಸಿದ್ರ ಮಿಟಿಕಿಸ್ಲಿ. ಕೂಸಿನ ಜೀವ ಇದ್ರ ಸಾಕು. ನಾಳೆ ಡಾಕ್ಟರ ಹತ್ರ ಹೋಗೂಣ ನಡ್ರಿ."

ವೈದ್ಯರು ಕೇಳಿದ ಪ್ರಶ್ನೆ

ವೈದ್ಯರು ಸಿಟ್ಟಾಗಲಿಲ್ಲ. ಪ್ರಶ್ನೆ ಕೇಳಿದರು.

"ಗುಳಿಗೆ ನಿಲ್ಲಿಸಿ ಮೂರು ವಾರವಾಯಿತಲ್ಲ, ಕಣ್ಣು ನಿಂತಿತೆ?"

"ಇಲ್ಲ, ಹೆಚ್ಚಾಗಿದೆ."

"ಈ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ತಾಸಿನದು. ಹೊಟ್ಟೆಯಲ್ಲಿ ಗುಳಿಗೆಯೇ ಇಲ್ಲದೆ ಮೂರು ವಾರ ಹೇಗೆ ಹೆಚ್ಚಾಯಿತು? ಗುಳಿಗೆಗೆ ಮೊದಲು ಇದು ಇರಲಿಲ್ಲವೆಂದು ನಿಮಗೆ ಖಾತ್ರಿಯೆ?"

"ಖಾತ್ರಿ."

"ಬರೆದಿಟ್ಟಿದ್ದೀರಾ?"

ಓದುಗರೇ, ಕಚೇರಿಯಲ್ಲಿ ನನ್ನ ಕೆಲಸವೇ ಆವಕ-ಜಾವಕದ ವಹಿ. ಯಾವ ಕಾಗದ ಯಾವ ದಿನ ಬಂತು, ಯಾವ ದಿನ ಹೋಯಿತು ಎಂಬುದನ್ನು ಹತ್ತು ವರ್ಷಗಳಿಂದ ತಪ್ಪದೆ ಬರೆಯುತ್ತ ಬಂದಿದ್ದೇನೆ. ನನ್ನ ಮಗನ ವಿಷಯದಲ್ಲಿ ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. "ಹಳೆಯ ವಿಡಿಯೋ ಇದ್ದರೆ ನೋಡಿರಿ" ಎಂದರು ವೈದ್ಯರು.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆವು. 2023ರ ಮೇ ತಿಂಗಳಲ್ಲಿ ಧಾರವಾಡದಲ್ಲಿ ನಡೆದ ನನ್ನ ತಮ್ಮನ ಮದುವೆಯ ವಿಡಿಯೋ ಸಿಕ್ಕಿತು. ಅಕ್ಷತೆಯ ಹೊತ್ತು. ಅವ್ವನ ಪಕ್ಕದಲ್ಲಿ ಗುಂಡ್ಯಾ ನಿಂತಿದ್ದಾನೆ. ಮೂಗು ಮುದುಡಿಸುತ್ತಾನೆ. ಕಣ್ಣು ಮುಚ್ಚಿ ತೆರೆಯುತ್ತಾನೆ, ಮೂರು ಸಲ. ಮತ್ತೆ ಮೂಗು. ಮೊದಲ ಗುಳಿಗೆಗಿಂತ ಹದಿಮೂರು ತಿಂಗಳು ಹಿಂದಿನ ಮಾತಿದು. ಆಗ ನಾವು ನೆಗಡಿಯೆಂದು ಬಿಟ್ಟಿದ್ದೆವು.

ಹಿಂದೆ ಕುಳಿತು ನೋಡುತ್ತಿದ್ದ ಅವ್ವ ಎಂದಳು: "ಇದರಾಗ ಹೊಸಾದೇನದ? ನೀನೂ ಸಣ್ಣಾಂವಿದ್ದಾಗ ಹೆಗಲ ಹಾರಸ್ತಿದ್ದಿ. ಬ್ಯಾಡ ಅಂದ್ರೂ ಕೇಳ್ತಿದ್ದಿಲ್ಲ. ಮಾಸ್ತರು ಬಾಸುಂಡಿ ಏಳೋಹಂಗ ಹೊಡದಿದ್ರು. ಹತ್ತನೇತ್ತಾಕ ಬರೂದ್ರಾಗ ತಾನ ಹೋತು."

ಆ ಪೆಟ್ಟು ನನಗೆ ಚೆನ್ನಾಗಿ ನೆನಪಿತ್ತು. ಅದು ಯಾತಕ್ಕೆ ಬಿದ್ದಿತ್ತೆಂಬುದು ಮರೆತುಹೋಗಿತ್ತು.

ಟಿಕ್ ಎಂದರೇನು?

ಇದ್ದಕ್ಕಿದ್ದಂತೆ, ಮತ್ತೆ ಮತ್ತೆ, ಒಂದೇ ರೀತಿಯಾಗಿ ಆಗುವ ಸಣ್ಣ ಚಲನೆಗೆ ಅಥವಾ ಸದ್ದಿಗೆ ಟಿಕ್ ಎನ್ನುತ್ತಾರೆ. ಕಣ್ಣು ಮಿಟುಕಿಸುವುದು, ಮೂಗು ಮುದುಡುವುದು, ಹೆಗಲು ಕುಣಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಇವೇ ಹೆಚ್ಚು. ನಮ್ಮ ಮನೆಗಳಲ್ಲಿ ಇದನ್ನು 'ಚಾಳಿ' ಎನ್ನುತ್ತೇವೆ. ಆ ಶಬ್ದದಲ್ಲಿಯೇ ಅನ್ಯಾಯವಿದೆ. ಸೀನು ಬರುವ ಮುನ್ನ ಮೂಗಿನಲ್ಲಿ ಹೇಗೆ ಒಂದು ಕಚಗುಳಿಯಾಗುವುದೋ ಹಾಗೆ ಟಿಕ್ ಬರುವ ಮುನ್ನ ಅನೇಕ ಮಕ್ಕಳಿಗೆ ಒಳಗೊಂದು ಒತ್ತಡ ಬರುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಪೂರ್ತಿ ತಡೆಯಲಾಗದು. ಶಾಲೆಯಲ್ಲಿ ಹೇಗೋ ತಡೆದುಕೊಂಡ ಮಗು ಮನೆಗೆ ಬಂದೊಡನೆ ಬಿಟ್ಟುಬಿಡುತ್ತದೆ. ನಾವು, "ಶಾಲೆಯಲ್ಲಿ ಮಾಡುವುದಿಲ್ಲ, ಮನೆಯಲ್ಲಿ ಬೇಕೆಂದೇ ಮಾಡುತ್ತಾನೆ" ಎಂದು ಗದರುತ್ತೇವೆ.

ಟಿಕ್‌ಗಳು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷದೊಳಗೆ ತೊಡಗುತ್ತವೆ. ಹತ್ತರಿಂದ ಹನ್ನೆರಡು ವರ್ಷದ ಸುಮಾರಿಗೆ ಹೆಚ್ಚುತ್ತವೆ. ಪ್ರಾಯ ಬರುತ್ತ ಬಹಳ ಮಕ್ಕಳಲ್ಲಿ ಇಳಿಯುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಮನೆತನದಲ್ಲಿ ಹರಿದು ಬರುವುದುಂಟು. ಬಹು ಮುಖ್ಯ ಸಂಗತಿಯೆಂದರೆ, ಅವು ಒಂದೇ ಸಮನೆ ಇರುವುದಿಲ್ಲ. ಕೆಲವು ವಾರ ಏರಿ, ಕೆಲವು ವಾರ ಇಳಿಯುತ್ತವೆ. ಹಲವು ಚಲನೆಗಳೂ ಕನಿಷ್ಠ ಒಂದು ಸದ್ದೂ ಸೇರಿ ವರ್ಷಕ್ಕೆ ಮೇಲ್ಪಟ್ಟು ಇದ್ದರೆ ಅದಕ್ಕೆ ಟುರೆಟ್ ಎಂಬ ಫ್ರೆಂಚ್ ವೈದ್ಯನ ಹೆಸರಿದೆ. ಪ್ಯಾರಿಸಿನ ಆ ವೈದ್ಯನು 1885ರಲ್ಲಿ ಒಂಬತ್ತು ಮಂದಿ ರೋಗಿಗಳ ವರ್ಣನೆ ಪ್ರಕಟಿಸಿದನು. 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಕೊಟ್ಟ ಸ್ಯಾಮ್ಯುಎಲ್ ಜಾನ್ಸನ್ನನಿಗೂ ಇದೇ ಇದ್ದಿತೆಂದು ಅವನ ಅಂಗಚೇಷ್ಟೆಗಳ ವರ್ಣನೆ ಓದಿದ ಈಗಿನ ಅನೇಕ ವೈದ್ಯರ ಅಭಿಪ್ರಾಯ. ಟಿಕ್ ಎಂದರೆ ದಡ್ಡತನವಲ್ಲ ಎನ್ನಲು ಇಷ್ಟು ಸಾಕು.

ಗುಳಿಗೆಯ ಮೇಲೆ ಸಂಶಯ ಬಂದುದು ಹೇಗೆ?

ಈ ಗುಳಿಗೆಯ ಜಾತಿಯ ಔಷಧಗಳ ಕಥೆ 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ತೊಡಗುತ್ತದೆ. ಅಲ್ಲಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲೆ ಎಂಬ ವೈದ್ಯನು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟು ನೋಡಿದನು. ಎಚ್ಚರ ಹೆಚ್ಚಿಸುವ ಔಷಧದಿಂದ ತುಂಟ ಮಕ್ಕಳು ಇನ್ನಷ್ಟು ತುಂಟರಾಗಬೇಕಷ್ಟೆ? ಹಾಗಾಗಲಿಲ್ಲ. ಅನೇಕರು ಶಾಂತರಾಗಿ ಕುಳಿತು ಪಾಠ ಮಾಡಿದರು. ಮಕ್ಕಳೇ ಅದನ್ನು 'ಲೆಕ್ಕದ ಗುಳಿಗೆ' ಎಂದು ಕರೆದರಂತೆ. ಮಿಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿತ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ರಸಾಯನಜ್ಞ ಲಿಯಾಂಡ್ರೊ ಪ್ಯಾನಿಝೋನ್ ತಯಾರಿಸಿದನು. ಅವನ ಹೆಂಡತಿಯ ಮುದ್ದಿನ ಹೆಸರು ರೀಟಾ. ಆ ಹೆಸರಿನಿಂದಲೇ ಔಷಧಕ್ಕೆ ರಿಟಲಿನ್ ಎಂದು ನಾಮಕರಣವಾಯಿತು.

ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ದ್ರವ್ಯಗಳುಂಟು. ಅವುಗಳಲ್ಲಿ ಡೋಪಮಿನ್ ಒಂದು. ಈ ಗುಳಿಗೆ ಅದನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಅದರಿಂದ ಗಮನ ನಿಲ್ಲುತ್ತದೆ. ಟಿಕ್‌ಗಳಿಗೂ ಡೋಪಮಿನ್ನಿಗೂ ಸಂಬಂಧವಿರುವುದರಿಂದ, ಗುಳಿಗೆಯೇ ಟಿಕ್ ತರಬಹುದೆಂಬ ಸಂಶಯ ಬಂದುದು ಸಹಜ. 1970 ಮತ್ತು 1980ರ ದಶಕಗಳಲ್ಲಿ ಗುಳಿಗೆ ಆರಂಭಿಸಿದ ಮೇಲೆ ಟಿಕ್ ಕಾಣಿಸಿಕೊಂಡ ಮಕ್ಕಳ ವರದಿಗಳು ಬಂದವು. ಔಷಧದ ಕಾಗದದ ಮೇಲೆ ಎಚ್ಚರಿಕೆ ಅಚ್ಚಾಯಿತು. ಟಿಕ್ ಇರುವ ಎಷ್ಟೋ ಮಕ್ಕಳಿಗೆ ಈ ಔಷಧವೇ ದೊರೆಯದಂತಾಯಿತು.

ಆದರೆ ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಒಂದೇ ಗಳಿಗೆಯಾದರೆ ಕಾಗೆಯೇ ಮುರಿಯಿತೆನ್ನಲಾದೀತೆ? ಗಮನದ ತೊಂದರೆ ಸಾಮಾನ್ಯವಾಗಿ ಮೊದಲು ಕಾಣುತ್ತದೆ. ಟಿಕ್ ಅದಾದ ಎರಡು ಮೂರು ವರ್ಷಕ್ಕೆ ಬರುತ್ತದೆ. ಗುಳಿಗೆ ಆರಂಭವಾಗುವುದೂ ಅದೇ ವಯಸ್ಸಿನಲ್ಲಿ. ಎರಡು ತೊಂದರೆಗಳೂ ಒಂದೇ ಮಗುವಿನಲ್ಲಿರುವುದು ಬಹಳ; ಟುರೆಟ್ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಮನದ ತೊಂದರೆಯೂ ಇರುತ್ತದೆ. ಅಂದ ಮೇಲೆ ನಿಜ ತಿಳಿಯಲು ಉಪಾಯ ಒಂದೇ: ಕೆಲವು ಮಕ್ಕಳಿಗೆ ನಿಜವಾದ ಗುಳಿಗೆಯನ್ನೂ ಕೆಲವರಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟು ಹೋಲಿಸುವುದು.

2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇಂಥ ಪ್ರಯೋಗದಲ್ಲಿ ಮೊದಲೇ ಟಿಕ್ ಇದ್ದ 136 ಮಕ್ಕಳಿದ್ದರು. ಟಿಕ್ ಹೆಚ್ಚಾಯಿತೆಂಬ ದೂರು ಮಿಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ ನೂರಕ್ಕೆ 20. ಹುಸಿ ಗುಳಿಗೆಯವರಲ್ಲಿ ನೂರಕ್ಕೆ 22! 2015ರಲ್ಲಿ ಇಂಥ 22 ಪ್ರಯೋಗಗಳನ್ನು, 2,385 ಮಕ್ಕಳನ್ನು, ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಟಿಕ್ ಹೊಸದಾಗಿ ಬಂದುದು ಅಥವಾ ಹೆಚ್ಚಾದುದು ಉತ್ತೇಜಕ ತೆಗೆದುಕೊಂಡವರಲ್ಲಿ ನೂರಕ್ಕೆ 5.7, ಹುಸಿ ಗುಳಿಗೆಯವರಲ್ಲಿ ನೂರಕ್ಕೆ 6.5.

ಇದರರ್ಥ ಯಾವ ಮಗುವಿಗೂ ಗುಳಿಗೆಯಿಂದ ಟಿಕ್ ಹೆಚ್ಚುವುದಿಲ್ಲ ಎಂದಲ್ಲ. ಒಬ್ಬೊಬ್ಬ ಮಗುವಿನಲ್ಲಿ ಹೆಚ್ಚಬಹುದು. ಆಗ ವೈದ್ಯರು ಪ್ರಮಾಣ ಇಳಿಸುತ್ತಾರೆ, ಔಷಧ ಬದಲಿಸುತ್ತಾರೆ. ಆಟೊಮಾಕ್ಸೆಟಿನ್, ಕ್ಲೊನಿಡಿನ್ ಎಂಬ ಬೇರೆ ಜಾತಿಯ ಔಷಧಗಳೂ ಇವೆ. ಆದರೆ ನೂರಾರು ಮಕ್ಕಳ ಲೆಕ್ಕ ಹೇಳುವುದಿಷ್ಟು: ಗುಳಿಗೆಯ ಮೇಲೆ ನಾವು ಹೊರಿಸುವ ಅಪವಾದದ ಬಹುಭಾಗ ಕಾಲದ ಹೊಂದಾಣಿಕೆಯದು.

ನಮ್ಮ ವಹಿ ಹೇಳಿದ್ದು

ಆಗಸ್ಟದ ಕೊನೆಗೆ ಗುಳಿಗೆ ಮತ್ತೆ ಆರಂಭವಾಯಿತು. ಮೊದಲು ಅರ್ಧ, ಬಳಿಕ ಪೂರ್ತಿ. ಈ ಸಲ ನಾನೊಂದು ವಹಿ ಇಟ್ಟೆ. ದಿನಾಂಕ, ಗುಳಿಗೆ ಕೊಟ್ಟ ಹೊತ್ತು, ಊಟ-ನಿದ್ದೆ, ಕಣ್ಣು-ಗಂಟಲು ಎಷ್ಟು, ಅಂದಿನ ವಿಶೇಷವೇನು, ಐದು ಕಾಲಮು. ಎರಡು ತಿಂಗಳ ಬಳಿಕ ಹಿಂದಿರುಗಿ ನೋಡಿದಾಗ ವಿಷಯ ಕಂಡಿತು. ಗಣಪತಿಯ ಹತ್ತು ದಿನ ಢೋಲು-ತಾಶೆಯ ಗದ್ದಲದಲ್ಲಿ ನಿದ್ದೆಗೆಟ್ಟಾಗ ಕಣ್ಣು ಹೆಚ್ಚಾಗಿತ್ತು. ಪರೀಕ್ಷೆಯ ವಾರದಲ್ಲಿ ಹೆಚ್ಚಾಗಿತ್ತು. ನಾನು ಗದರಿದ ದಿನ ಹೆಚ್ಚಾಗಿತ್ತು, ಅದನ್ನೂ ಬರೆದಿದ್ದೇನೆ. ರಜೆಯ ದಿನ ಗುಳಿಗೆ ಕೊಟ್ಟಾಗಲೂ ಕಡಿಮೆಯಿತ್ತು. ಒಂದು ಮನೆಯ ವಹಿ ಶಾಸ್ತ್ರವಲ್ಲ, ಬಲ್ಲೆ. ಆದರೆ ವೈದ್ಯರ ಮುಂದಿಡಲು "ನಮಗೆ ಹಾಗನಿಸುತ್ತದೆ" ಎಂಬುದಕ್ಕಿಂತ ಅದು ಎಷ್ಟೋ ಮೇಲು.

ಇಂಥ ಮಕ್ಕಳ ತಂದೆತಾಯಿಗಳಿಗೆ ನಾನು ಕಲಿತ ಕೆಲವು ಮಾತು ಹೇಳಬಯಸುತ್ತೇನೆ. ಗುಳಿಗೆ ಆರಂಭಿಸುವ ಮೊದಲೇ ಮಗುವಿನಲ್ಲಿಯೂ ಮನೆತನದಲ್ಲಿಯೂ ಟಿಕ್ ಇತ್ತೆ ಎಂದು ಹಿರಿಯರನ್ನು ಕೇಳಿ ವೈದ್ಯರಿಗೆ ಹೇಳಿರಿ. ಕಣ್ಣು ಮಿಟುಕಿಸುವುದು ಕಂಡರೆ ಕಣ್ಣಿನ ವೈದ್ಯರಿಗೊಮ್ಮೆ ತೋರಿಸಿರಿ. ಅಲರ್ಜಿಯೂ ದೃಷ್ಟಿದೋಷವೂ ಇರಬಹುದು. ಮಗು ದಿಟ್ಟಿಸುತ್ತ ಕರೆದರೂ ಓಗೊಡದಿದ್ದರೆ ಅದು ಟಿಕ್ ಅಲ್ಲ, ಫಿಟ್ಸ್ ಇರಬಹುದು, ತಡಮಾಡಬಾರದು. ಔಷಧವನ್ನು ನೀವಾಗಿ ನಿಲ್ಲಿಸಬೇಡಿರಿ. ಕ್ಲೊನಿಡಿನ್ ಅಂಥದನ್ನು ಒಮ್ಮೆಲೆ ನಿಲ್ಲಿಸಿದರೆ ರಕ್ತದೊತ್ತಡ ಏರುವ ಅಪಾಯವಿದೆ. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡಿಸಿರಿ. ಟಿಕ್ ಕಂಡಾಗ ಸುಮ್ಮನಿರಿ, "ಬೇಡ" ಎನ್ನಬೇಡಿರಿ. ಶಿಕ್ಷಕರಿಗೆ ಮಾತ್ರ ತಪ್ಪದೆ ತಿಳಿಸಿರಿ.

ಟಿಕ್ ಬಹಳ ಕಾಡಿದರೆ ಔಷಧವಿಲ್ಲದ ತರಬೇತಿಯೂ ಉಂಟು. ಟಿಕ್ ಬರುವ ಮುನ್ಸೂಚನೆಯನ್ನು ಗುರುತಿಸಿ ಅದಕ್ಕೆ ಎದುರಾದ ಇನ್ನೊಂದು ಚಲನೆ ಮಾಡಲು ಮಗುವಿಗೆ ಕಲಿಸುತ್ತಾರೆ. 2010ರಲ್ಲಿ ಪ್ರಕಟವಾದ 126 ಮಕ್ಕಳ ಪ್ರಯೋಗದಲ್ಲಿ ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗುಣ ಕಂಡಿತ್ತು. ರಜೆಗೆ ಊರಿಗೆ ಹೋದಾಗ ಕನ್ನಡದಲ್ಲಿಯೇ ಸಲಹೆ ಬೇಕೆನ್ನುವವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರ ಅಕ್ಟೋಬರದಿಂದ ನಡೆದಿರುವ ಸರಕಾರದ ಟೆಲಿ-ಮಾನಸ್ ಎಂಬ ಉಚಿತ ಫೋನು, 14416, ಪುಣೆಯಿಂದಲೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಗುಂಡ್ಯಾನ ಕಣ್ಣು ಈಗ ಬಹಳ ಕಡಿಮೆಯಾಗಿದೆ. ಆದರೆ ಹೆಗಲು ಹಾರುವುದು ತೊಡಗಿದೆ, ನನ್ನಂತೆಯೇ. ಮುಂದೆ ಏನಾಗುವುದೋ ಕಾದು ನೋಡಬೇಕು. 2024ರ ನವೆಂಬರದಲ್ಲಿ ನಮ್ಮ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅವನು ವೇದಿಕೆಯ ಮೇಲೆ ನಾಲ್ಕು ಮಾತು ಆಡಿದನು. ಮಾತಿಗೊಮ್ಮೆ ಕಣ್ಣು ಮಿಟುಕಿಸಿದನು. ಕೆಳಗಿಳಿದ ಮೇಲೆ ಇನ್ನೊಬ್ಬ ಹುಡುಗನು, "ನಿನ್ನ ಕಣ್ಣ ಯಾಕ ಹಂಗ ಮಾಡ್ತಾವ?" ಎಂದು ಕೇಳಿದನು. "ಅದು ಟಿಕ್. ಬರ್ತದ, ಹೋಗ್ತದ. ಆಟಕ್ಕ ಬರ್ತೀಯೇನು?" ಎಂದನು ನನ್ನ ಮಗ. ಇಬ್ಬರೂ ಓಡಿದರು.

ನಾವು ದೊಡ್ಡವರೂ ಇಷ್ಟು ಸರಳವಾಗಿ ಈ ವಿಷಯ ಮಾತಾಡಬೇಕೆಂಬುದೇ ನನ್ನ ಬಿನ್ನಹ. ಇಂಥ ಮಕ್ಕಳುಳ್ಳವರು ಯಾರಾದರೂ ಇದ್ದರೆ, ರವಿವಾರ ಸಂಜೆ ನಾನು ಸಂಘದ ವಾಚನಾಲಯದಲ್ಲಿರುತ್ತೇನೆ. ನನ್ನ ವಹಿಯನ್ನೂ ತಂದಿರುತ್ತೇನೆ.